ಇಂಗಾಲ ಕೊಟ್ಟ ಉತ್ತರ

ನೆಲದ ಆಳದಲ್ಲಿ, ಬಂಡೆಗಳ ಸಂದಿಯಲ್ಲಿ, ಇಂಗಾಲದ ಪರಮಾಣುವೊಂದು ಒಂಟಿಯಾಗಿ ಕೂತಿತ್ತು. ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳಿದ್ದರೆ ಅದಕ್ಕೆ ನೆಮ್ಮದಿ; ಇದ್ದದ್ದು ನಾಲ್ಕೇ. ಎಂಟನ್ನೂ ತುಂಬಿಕೊಂಡ ಆರ್ಗಾನ್ ಅನಿಲದ ಪರಮಾಣುವೊಂದು ಪಕ್ಕದಲ್ಲೇ ತೇಲುತ್ತಿತ್ತು.

"ನನಗೆ ಯಾರ ಹಂಗೂ ಇಲ್ಲ," ಎಂದಿತು ಆರ್ಗಾನ್. "ಈ ಬೆಟ್ಟ ಕುಸಿದು ಮೈಮೇಲೆ ಬಿದ್ದರೆ ನಿನ್ನ ಗತಿಯೇನು?"

ಮಾತು ಇಂಗಾಲಕ್ಕೆ ನಾಟಿತು. ನೆರೆಯಲ್ಲಿದ್ದ ಇನ್ನೊಂದು ಇಂಗಾಲದ ನಾಲ್ಕನ್ನೂ ಕಸಿಯಲು ಕೈಹಾಕಿತು. ಅದೂ ಅದೇ ಹೊತ್ತಿಗೆ ಇದರ ನಾಲ್ಕಕ್ಕೆ ಕೈಹಾಕಿತ್ತು. ಎಳೆದಾಡಿ ಎರಡೂ ಸುಸ್ತಾದವು.

"ಅಣ್ಣಾ, ನಮ್ಮಿಬ್ಬರದೂ ಒಂದೇ ಬಡತನ," ಎಂದಿತು ನೆರೆಯದು. "ನೀನೊಂದು ಇಡು, ನಾನೊಂದು ಇಡುತ್ತೇನೆ. ನಡುವೆ ಇರಲಿ. ಎರಡೂ ನಿನ್ನವು, ಎರಡೂ ನನ್ನವು."

"ಉಳಿದ ಮೂರು?"

"ಉಳಿದ ನೆರೆಯವರೂ ಇದ್ದಾರಲ್ಲ, ಕರೆ."

ಇಂಗಾಲ ಕರೆಯಿತು. ಬಂದ ಇಂಗಾಲಗಳು ತಮ್ಮ ನೆರೆಯವನ್ನು ಕರೆದವು. ಎಲ್ಲಕ್ಕೂ ನಾಲ್ಕು ಕಡೆ ಪಾಲು, ಎಲ್ಲಕ್ಕೂ ಎಂಟು ತುಂಬಿತು.

ಅಷ್ಟರಲ್ಲಿ ಬೆಟ್ಟ ಕುಸಿಯಿತು. ಆರ್ಗಾನ್ ಬಿರುಕು ಹುಡುಕಿಕೊಂಡು ಜಾರಿಹೋಯಿತು. ಇಂಗಾಲಗಳು ಮಾತ್ರ ಹಿಡಿದ ಕೈ ಬಿಡಲಿಲ್ಲ. ಆ ಭಾರವನ್ನು ಹೊತ್ತುಕೊಂಡೇ ವಜ್ರವಾಗಿ ನಿಂತವು.

ಬಹುಕಾಲದ ಮೇಲೆ ಉಕ್ಕಿನ ಬೈರಿಗೆಯೊಂದು ಬಂಡೆಗಳನ್ನು ಪುಡಿಮಾಡುತ್ತ ಇಳಿದು ಬಂತು. ವಜ್ರಕ್ಕೆ ತಾಗಿದ್ದೇ ತಡ, ಬೈರಿಗೆಯ ಮೊನೆ ಮೊಂಡಾಯಿತು.

"ಬೆಟ್ಟವನ್ನೇ ಕೊರೆದು ಬಂದಿದ್ದೇನೆ," ಎಂದು ಬೈರಿಗೆ ಗದರಿತು. "ನನ್ನನ್ನು ತಡೆದದ್ದು ಯಾರು?"

ಹಿಂದೆ ಒಂಟಿಯಾಗಿ ಕೂತಿದ್ದ ಆ ಇಂಗಾಲವೇ ಉತ್ತರ ಕೊಟ್ಟಿತು.

"ನಾವು."