ಸೀಲು ಒಡೆಯದ ವಿಮಾನ

"ಬುದ್ಧಿ, ನನಗೆ ಸಿಟ್ಟು ಬಂದು ಬಹಳ ಕಾಲವಾಯಿತು. ಸಿಟ್ಟನ್ನು ಗೆದ್ದೆ ಎಂದು ಹೇಳಿಕೊಳ್ಳಬಹುದೆ?" ಎಂದು ಶಿಷ್ಯ ಸೋಮಲಿಂಗ ಗುರುಗಳನ್ನು ಕೇಳಿದ. ಸಿಟ್ಟನ್ನು ಗೆದ್ದವರಿಗೆ ಆ ಮಠದಲ್ಲಿ ದೀಕ್ಷೆ ಕೊಡುತ್ತಿದ್ದರು. ಅವನ ಕಣ್ಣು ಅದರ ಮೇಲಿತ್ತು.

"ಈಚೆಗೆ ಯಾರ ಹತ್ತಿರ ಮಾತಾಡಿದೆ?" ಎಂದರು ಗುರುಗಳು.

"ಯಾರ ಹತ್ತಿರವೂ ಇಲ್ಲ ಬುದ್ಧಿ. ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇದ್ದುಬಿಟ್ಟಿದ್ದೇನೆ. ಊಟವನ್ನೂ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ."

"ಭೇಷ್. ಹಾಗಾದರೆ ಕೂತುಕೋ, ಒಬ್ಬ ಪಾತ್ರೆ ವ್ಯಾಪಾರಿಯ ಕತೆ ಹೇಳುತ್ತೇನೆ" ಎಂದು ಗುರುಗಳು ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅಂಗಡಿಗೆ ಬಂದವರ ಕೈಗೆ ಕೊಡ ಕೊಟ್ಟು, "ಬಡಿದು ನೋಡಿ, ನೀರು ತುಂಬಿ ನೋಡಿ, ಆಮೇಲೆ ಒಯ್ಯಿರಿ" ಎನ್ನುತ್ತಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯವರಿಗೂ ಒಂದೊಂದು ಹುಚ್ಚು ಇರುತ್ತದಲ್ಲ, ಇವನಿಗೆ ಪುಟ್ಟ ವಿಮಾನಗಳ ಹುಚ್ಚು. ಅದೂ ಎಂಥವು? ಹಿಂದಿನ ಮಹಾಯುದ್ಧದಲ್ಲಿ ಹಡಗಿನ ಮೇಲಿಂದ ಹಾರಿ ಹಡಗಿನ ಮೇಲೆಯೇ ಇಳಿಯುತ್ತಿದ್ದವಲ್ಲ, ಆ ಯುದ್ಧವಿಮಾನಗಳ ಲೋಹದ ಮಾದರಿಗಳು. ಅಂಗೈಯಗಲದವು, ಅಚ್ಚಿಗೆ ಎರಕ ಹೊಯ್ದು ಮಾಡಿದವು. ರೆಕ್ಕೆ ಮಡಚಬಹುದು, ಚಕ್ರ ತಿರುಗಿಸಬಹುದು, ಬಾಲದ ಕೆಳಗಿನ ಕೊಕ್ಕೆಯನ್ನೂ ಇಳಿಸಬಹುದು.

ಮಾಡಬಹುದು ಎಂದೆ, ಮಾಡಿದ ಎನ್ನಲಿಲ್ಲ. ಯಾಕೆಂದರೆ ಈ ಹುಚ್ಚಿನವರಲ್ಲಿ ಒಂದು ಕಟ್ಟಳೆ ಉಂಟು. ವಿಮಾನ ಬರುವ ಡಬ್ಬಿಯ ಸೀಲು ಒಡೆದರೆ ಅದರ ಮರ್ಯಾದೆ ಹೋಯಿತು. ಹಾಗಾಗಿ ಅವನು ಒಂದನ್ನೂ ತೆರೆದವನಲ್ಲ. ವಿಮಾನ ನೋಡಲು ಬಂದ ನೆಂಟರಿಗೆ ಗೋಡೆಯುದ್ದಕ್ಕೂ ರಟ್ಟಿನ ಡಬ್ಬಿಗಳು ಕಾಣುತ್ತಿದ್ದವು. ಒಳಗಿನದು ಹೇಗಿದೆಯೆಂದು ತೋರಿಸಲು ಅವನೇ ಎರಡೂ ತೋಳು ಚಾಚಿ, ಮಡಚಿ, ಬಾಯಲ್ಲಿ ಗುರ್ ಎನ್ನುತ್ತ ನಡುಮನೆಯಲ್ಲಿ ಒಂದು ಸುತ್ತು ಓಡುತ್ತಿದ್ದ. ನೆಂಟರು ರಟ್ಟು ನೋಡಿ, ಕಾಫಿ ಕುಡಿದು, ಮನೆಗೆ ಹೋಗುತ್ತಿದ್ದರು.

ಅವುಗಳಲ್ಲಿ ಒಂದು ಡಬ್ಬಿ ಅವನ ಪ್ರಾಣ. ಆ ವಿಮಾನ ಮಾಡಿದ ಕಾರ್ಖಾನೆ ಮುಚ್ಚಿಹೋಗಿತ್ತು, ಅಂಥದು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಅದರ ಬಲದ ಮೇಲೆ ತಾನು ವಿಮಾನಪ್ರಿಯರ ಸಂಘಕ್ಕೆ ಅಧ್ಯಕ್ಷನಾಗಬೇಕೆಂದು ಅವನಿಗೆ ಆಸೆ. ಆಸೆ ತಪ್ಪೇನಲ್ಲ ಬಿಡು. ಸಂಘದ ಸಭೆ ಹತ್ತಿರ ಬಂತು. ಅದೇ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಎಣ್ಣೆ ಮಿಲ್ಲಿನ ಸಾಹುಕಾರನೊಬ್ಬ ಅಂಗಡಿಗೆ ಬಂದ. ಒಂದು ತಂಬಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ಆ ಕಾರ್ಖಾನೆಯವರ ಎರಕ ಕಲಬೆರಕೆಯದಂತೆ ಸ್ವಾಮಿ. ಡಬ್ಬಿಯಲ್ಲಿದ್ದ ಹಾಗೆಯೇ ಬಿರುಕು ಬಿಟ್ಟು ಉದುರುತ್ತದಂತೆ. ನಿಮ್ಮದು ಚೆನ್ನಾಗಿದೆ ತಾನೆ? ಯಾವುದಕ್ಕೂ ಒಮ್ಮೆ ತೆಗೆದು ನೋಡಿ" ಎಂದ. ತಂಬಿಗೆಯನ್ನು ಅಲ್ಲೇ ಇಟ್ಟು ಹೋದ.

ವ್ಯಾಪಾರಿ ಹೊತ್ತಿಗೆ ಮುಂಚೆಯೇ ಅಂಗಡಿಗೆ ಬೀಗ ಹಾಕಿ, ಮನೆಗೆ ಓಡಿ ಡಬ್ಬಿಯ ಮುಂದೆ ಕೂತ. ತೆರೆದರೆ ಸೀಲು ಹೋಗುತ್ತದೆ, ತೆರೆಯದಿದ್ದರೆ ನೆಮ್ಮದಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಲ್ಲಾಡಿಸಿ ನೋಡೋಣವೆಂದರೆ, ಗಟ್ಟಿಯಿದ್ದರೂ ಮುರಿದೀತು ಎಂಬ ಭಯ. ಅವನಿಗೆ ಅನ್ನ ಸೇರದಾಯಿತು. "ಊರವರಿಗೆಲ್ಲ ಕೊಡ ಬಡಿದು ನೋಡಿ ಅನ್ನುತ್ತೀರಿ, ಇದೊಂದನ್ನು ತೆರೆದು ನೋಡಬಾರದೆ?" ಎಂದು ಹೆಂಡತಿ ಕೇಳಿದಳು. "ನಿನಗೆ ಇದೆಲ್ಲ ತಿಳಿಯುವುದಿಲ್ಲ" ಎಂದುಬಿಟ್ಟ. ಅವಳಿಗೆ ತಿಳಿದಿತ್ತು, ಪಾಪ.

ಕೊನೆಗೆ ಅವನು ಡಬ್ಬಿಯನ್ನು ಶಾಲಿನಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಎದೆಗವಚಿಕೊಂಡು ಎಕ್ಸ್-ರೇ ತೆಗೆಯುವಲ್ಲಿಗೆ ಹೋದ. ಈಚೆ ಕೈ ಮುರಿದವನೊಬ್ಬ, ಆಚೆ ಕೆಮ್ಮುವ ಮುದುಕಿಯೊಬ್ಬಳು, ನಡುವೆ ಇವನು. "ಮಗುವಿಗೆ ಏನಾಗಿದೆಯಪ್ಪ?" ಎಂದು ಮುದುಕಿ ಕೇಳಿದಳು. ಇವನು ಶಾಲನ್ನು ಇನ್ನಷ್ಟು ಹೊದಿಸಿದ. ಸರದಿ ಬಂತು. ಎಕ್ಸ್-ರೇ ತೆಗೆಯುವವನು ಶಾಲು ಬಿಚ್ಚಿ ನೋಡಿ, ಇವನ ಮುಖವನ್ನೊಮ್ಮೆ ನೋಡಿದ. ಡಬ್ಬಿಯನ್ನು ಯಂತ್ರದ ಕೆಳಗಿಟ್ಟು, "ಅಲ್ಲಾಡಬೇಡಿ, ಉಸಿರು ಬಿಗಿಹಿಡಿಯಿರಿ" ಎಂದು ಅಭ್ಯಾಸಬಲದಿಂದ ಅದಕ್ಕೇ ಹೇಳಿದ. ವ್ಯಾಪಾರಿ ಉಸಿರು ಬಿಗಿಹಿಡಿದ.

ಫಿಲ್ಮು ಬಂತು. ಒಂದು ರೆಕ್ಕೆ ಇದ್ದಲ್ಲೇ ಇತ್ತು. ಇನ್ನೊಂದು ಕಳಚಿ ಡಬ್ಬಿಯ ಮೂಲೆ ಸೇರಿತ್ತು. ಬಾಲ ಚೂರುಚೂರು. "ಇದು ಹಳೆಯ ಮುರಿತ, ಇನ್ನು ಕೂಡುವುದಿಲ್ಲ" ಎಂದ ಎಕ್ಸ್-ರೇ ತೆಗೆದವನು. ವ್ಯಾಪಾರಿ ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತ. ಕೈ ಮುರಿದವನೇ ಅವನ ಬೆನ್ನು ಸವರಿ ಸಮಾಧಾನ ಮಾಡಿದ.

ಆಮೇಲೆ ಏನು ಮಾಡಿದ ಅಂತೀಯ? ಫಿಲ್ಮನ್ನು ಒಲೆಗೆ ಹಾಕಿದ, ಡಬ್ಬಿಯನ್ನು ಸಭೆಗೆ ಒಯ್ದ. ಸಂಘದ ಹಿರಿಯರು ಕನ್ನಡಕ ಏರಿಸಿಕೊಂಡು ಸೀಲನ್ನು ನಾಲ್ಕೂ ಕಡೆಯಿಂದ ನೋಡಿದರು. ಎಲ್ಲೂ ಒಡೆದಿರಲಿಲ್ಲ. ಚಪ್ಪಾಳೆ ತಟ್ಟಿ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿ ಹಾರ ಹಾಕಿದರು. ಸಾಹುಕಾರನೂ ತೆಪ್ಪಗೆ ಕೈ ಕುಲುಕಿದ. ಒಳಗೆ ನೋಡೋಣ ಎಂದು ಅವನಾದರೂ ಹೇಗೆ ಹೇಳಿಯಾನು? ಅವನ ಮನೆಯಲ್ಲೂ ಇದ್ದವು ತೆರೆದು ನೋಡದ ಡಬ್ಬಿಗಳೇ.

ಅಂದಿನಿಂದ ಆ ವ್ಯಾಪಾರಿಯ ಗೋಳು ಕೇಳಬೇಡ. ಹೆಂಡತಿ ದೂಳು ಒರೆಸಲು ಬಂದರೆ ಅಡ್ಡ ನಿಲ್ಲುತ್ತಿದ್ದ, ಡಬ್ಬಿ ಗಲಗಲ ಎಂದೀತು ಎಂದು. ಬೀದಿಯಲ್ಲಿ ಲಾರಿ ಹೋದರೆ ಊಟ ಬಿಟ್ಟು ಎದ್ದು ಬಂದು ಅದನ್ನು ಹಿಡಿದುಕೊಳ್ಳುತ್ತಿದ್ದ. ನೆಂಟರೆದುರು ಗುರ್ ಎಂದು ಓಡುವುದನ್ನಂತೂ ಬಿಟ್ಟೇಬಿಟ್ಟ. ಅಧ್ಯಕ್ಷಗಿರಿ ಸಿಕ್ಕಿತು, ವಿಮಾನವೆಂದರೆ ಆಗುತ್ತಿದ್ದ ಖುಷಿ ಹೋಯಿತು.

ಸೋಮಲಿಂಗ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಬುದ್ಧಿ, ಅವನೆಂಥ ಪೆದ್ದ. ಮೊದಲೇ ತೆರೆದು ನೋಡಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು?"

"ಹೌದಪ್ಪ, ನಮ್ಮ ಅಡುಗೆಯ ಗುರುಬಸಪ್ಪ ಇವತ್ತು ಬೆಳಗಿನಿಂದ ಕಂಡಕಂಡವರ ಮೇಲೆ ಕೆಂಡ ಕಾರುತ್ತಿದ್ದಾನೆ, ಹೋಗಿ ಅವನ ಪಕ್ಕದಲ್ಲಿ ಕೂತು ಬದನೆಕಾಯಿ ಹೆಚ್ಚು, ಸಿಟ್ಟು ಗೆದ್ದ ಮಾತು ಆಮೇಲೆ ಆಡೋಣ" ಎಂದರು ಗುರುಗಳು.