ನೀಲವ್ವ ತಂದ ನೀರಿನ ಬಾಟಲಿ

ನೀಲವ್ವನ ಖಾನಾವಳಿಗೆ ಲೈಸೆನ್ಸ್ ಕೊಡುವ ಆರೋಗ್ಯ ಇನ್ಸ್‌ಪೆಕ್ಟರ್ ಮೂರು ವರ್ಷದಿಂದ ಆ ಓಣಿಗೇ ಕಾಲಿಟ್ಟಿರಲಿಲ್ಲ. ತಪಾಸಣೆಯೆಲ್ಲ ಕುರ್ಚಿಯಲ್ಲೇ.

"ಬಿಸಿಲಾಗ ಅಲ್ಲೀತನಕ ಯಾರ್ ಬರ್ತಾರ? ನಿನ್ನ ನೀರು ನೀನ ಬಾಟಲಿಯೊಳಗ ತುಂಬಿ ತಂದು ಕೊಡು" ಎಂದು ಅಪ್ಪಣೆ ಮಾಡಿದ.

ಕಾಯಿಸಿ ಸೋಸದೆ ಯಾರಿಗೂ ನೀರು ಕೊಡದ ನೀಲವ್ವನಿಗೆ ಮೈಯೆಲ್ಲ ಉರಿಯಿತು. ಮರುದಿನ ಅವನ ಆಫೀಸಿಗೆ ಹೋಗಿ ಬಾಟಲಿ ಕೊಟ್ಟು ಬಂದಳು.

ವಾರದ ಮೇಲೆ ಕರೆಸಿದ. ಮೇಜಿನ ಮೇಲೆ ಪ್ರಯೋಗಾಲಯದ ವರದಿ.

"ಹೊಲಸು ನೀರು! ನಾನ ಖುದ್ದು ನಿಂತು ತುಂಬಿಸೀನಿ ಅಂತ ಬರದೀನಿ. ಮಂದೀನ್ನ ಕೊಲ್ತೀಯೇನು? ಇವತ್ತಿಂದ ಖಾನಾವಳಿ ಬಂದ್!" ಎಂದು ಗುಡುಗಿದ. ಗಂಟಲು ಒಣಗಿತೇನೋ, ಲೋಟ ಎತ್ತಿ ಬಾಯ್ತುಂಬ ನೀರು ಹೀರಿದ.

"ಖರೇ ಬರದೀರಿ ಸಾಹೇಬ್ರ," ಎಂದಳು ನೀಲವ್ವ. "ತುಂಬುವಾಗ ನೀವು ಇಲ್ಲೇ ಕುಂತಿದ್ರಿ. ನಾ ತಂದದ್ದು ಖಾಲಿ ಬಾಟಲಿ. ನಿಮ್ಮ ಆಫೀಸಿನ ನಳದಾಗ ತುಂಬಿ ಕೊಟ್ಟೆ. ಆ ಲೋಟದಾಗಿರೋದೂ ಅದ ನೀರು."

ನುಂಗಲೂ ಆಗದೆ, ಉಗುಳಲೂ ಆಗದೆ ಸಾಹೇಬನ ಕೆನ್ನೆ ಉಬ್ಬಿತು.

ನೀಲವ್ವ ಮೇಜಿನ ಮೇಲಿದ್ದ, ಖಾನಾವಳಿ ಬಂದ್ ಮಾಡುವ ನೋಟಿಸನ್ನು ಕೈಗೆತ್ತಿಕೊಂಡಳು. "ಇದನ್ನ ನಿಮ್ಮ ಬಾಗಲಕ್ಕ ನಾನ ಹಚ್ಚಿ ಹೋಗ್ಲೋ, ನೀವ ಹಚ್ಕೋತೀರೋ?"