ಅಡಿವೆಪ್ಪ ಅವ್ವನ ಅಭಿಪ್ರಾಯ ಕೇಳಿದ್ದು

ಕೂತು ಕೇಳುವವರಿಗೆ ಇಡೀ ಕತೆ, ಎದ್ದು ಹೋಗುವವರಿಗೆ ಅರ್ಧ ಕತೆ. ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಶಾವಂತ್ರೆವ್ವ ಅಂತ ಒಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಹದಿನೆಂಟು ವರ್ಷ ಅದೇ ಒಲೆ, ಅದೇ ಹಂಚು. ಈಗ ಅಲ್ಲಿ ಯಂತ್ರವೊಂದು ಚಪಾತಿ ಉಗುಳುತ್ತದೆ, ಅದನ್ನು ತಿನ್ನುವ ಹುಡುಗರನ್ನು ನೋಡಿದರೆ ಅಯ್ಯೋ ಪಾಪ ಅನಿಸುತ್ತದೆ. ಆಗ ಉಂಡವರನ್ನು ಕೇಳಿ. ಹಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ, ಮಗ್ಗುಲಿಗೆ ಶೇಂಗಾ ಚಟ್ನಿ, ಅದರ ಮೇಲೊಂದಿಷ್ಟು ಎಣ್ಣೆ. ಸಂವಿಧಾನದ ವಿಧಿಗಳನ್ನು ಮರೆತವರು ಬೇಕಾದಷ್ಟು ಜನ ಇದ್ದಾರೆ, ಆ ರೊಟ್ಟಿಯನ್ನು ಮರೆತವನು ಒಬ್ಬನೂ ಇಲ್ಲ.

ಶಾವಂತ್ರೆವ್ವನಿಗೆ ಒಬ್ಬನೇ ಮಗ, ಅಡಿವೆಪ್ಪ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ಅಲ್ಲೇ ಇದ್ದದ್ದು ಗೋಳು. ಬಿ.ಎ. ಹೇಗೆ ಪಾಸಾದ ಅಂತೀರಿ? ಪುಸ್ತಕವನ್ನು ಉರು ಹೊಡೆದು, ಮುದ್ರಣಾಲಯದ ವಿಳಾಸದ ಸಮೇತ ಉತ್ತರ ಬರೆದು ಬಂದಿದ್ದ. ಈಗ ಎಂ.ಎ., ರಾಜ್ಯಶಾಸ್ತ್ರ ಮತ್ತು ಸಾರ್ವಜನಿಕ ನೀತಿ.

"ನಿನಗ್ಯಾಕಪ್ಪಾ ರಾಜ್ಯದ ಉಸಾಬರಿ? ಒಂದು ಹಸು ಕಾಯಾಕ ಬರೂದಿಲ್ಲ ನಿನಗ," ಅಂತ ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು. ಅವಳಿಗೆ ಇನ್ನೊಂದು ಚಿಂತೆಯೂ ಇತ್ತು. ಮೆಸ್ಸನ್ನು ಕಂಟ್ರಾಕ್ಟರಿಗೆ ಕೊಡುವ ಮಾತು ನಡೆದಿತ್ತು. ಕೊಟ್ಟರೆ ಅವಳ ಒಲೆ ಆರಿತು ಅಂತಲೇ ಲೆಕ್ಕ. ಆ ಒಲೆ ಬಿಟ್ಟರೆ ಅವಳಿಗೆ ಬೇರೆ ಲೋಕ ಇರಲಿಲ್ಲ.

ಮೊದಲ ವಾರವೇ ಬೆಳವಡಿ ಸರ್ ಪಾಠ ಮಾಡಿದರು. "ಮತದಾನ ಗುಪ್ತವಾಗಿರಬೇಕು. ಯಾರು ಯಾರಿಗೆ ಹಾಕಿದರು ಅಂತ ಒಂದು ನರಪಿಳ್ಳೆಗೂ ತಿಳೀಬಾರದು." ಅದೇ ವಾರ ಮೆಸ್ ಸೆಕ್ರೆಟರಿಯ ಚುನಾವಣೆ. ಮತಪೆಟ್ಟಿಗೆ ಕಾಯುವ ಕೆಲಸ ಅಡಿವೆಪ್ಪನಿಗೆ ಬಿತ್ತು. ಮರುದಿನ ವಾರ್ಡನ್ ಸಾಹೇಬರು ಎಣಿಸೋಣ ಅಂತ ಬಂದರೆ ಪೆಟ್ಟಿಗೆಯೇ ಇಲ್ಲ.

"ಎಲ್ಲೋ ಪೆಟ್ಟಿಗಿ?"

"ಬಾವ್ಯಾಗ ಐತ್ರಿ ಸರ. ಇನ್ನ ಒಂದು ನರಪಿಳ್ಳಿಗೂ ತಿಳಿಯೂದಿಲ್ರಿ."

ಪೆಟ್ಟಿಗೆ ಎತ್ತಿದಾಗ ಚೀಟಿಗಳೆಲ್ಲ ಮುದ್ದೆಯಾಗಿದ್ದವು. ವಾರ್ಡನ್ ಸಾಹೇಬರಿಗೆ ಪಿತ್ತ ನೆತ್ತಿಗೇರಿತು. "ಮುಳುಗಿಸಿದಾವ ನೀನ, ಇನ್ನ ಸೆಕ್ರೆಟರಿಕೀನೂ ನೀನ ಮಾಡು," ಅಂದುಬಿಟ್ಟರು. ಹೀಗೆ ಒಂದು ಮತವೂ ಇಲ್ಲದೆ ಗೆದ್ದವನು ಅವನೊಬ್ಬನೇ. ಬೆಳವಡಿ ಸರ್ ಬೈದರು: "ಪೆದ್ದಾ, ಜನರ ಮಾತು ಮುಚ್ಚಿಡೂದಲ್ಲ. ನಾಲ್ಕು ಮಂದಿ ಮುಂದ ತೆರೆದು ಓದಬೇಕು."

"ಆತ್ರಿ ಸರ," ಅಂದ ಅಡಿವೆಪ್ಪ.

ಮುಂದಿನ ತಿಂಗಳು ಸರ್ ಕ್ಲಾಸಿನ ಹುಡುಗರನ್ನೆಲ್ಲ ಒಂದು ಹಳ್ಳಿಗೆ ಶೌಚಾಲಯದ ಸಮೀಕ್ಷೆಗೆ ಕರೆದೊಯ್ದರು. ಹೆಣ್ಣುಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದ್ದನ್ನೆಲ್ಲ ಅಡಿವೆಪ್ಪ ಚಂದಾಗಿ ಬರೆದುಕೊಂಡ. ಸಂಜೆ ಚಾವಡಿ ಕಟ್ಟೆ ಹತ್ತಿ ಗಂಟಲು ಸರಿಮಾಡಿಕೊಂಡ.

"ಗೌಡರ ಸಣ್ಣ ಸೊಸಿ ಹೇಳ್ಯಾಳ. ಸಂಡಾಸದಾಗ ಉಳ್ಳಾಗಡ್ಡಿ ತುಂಬ್ಯಾರಂತ, ಮಾವ ಇನ್ನೂ ಹಳ್ಳದ ದಂಡಿಗೇ ಹೋಗ್ತಾನಂತ."

ಗೌಡರು ಕೋಲು ತಗೊಂಡರು. ಹುಡುಗರು, ಸರ್ ಎಲ್ಲರೂ ಚಪ್ಪಲಿ ಬಿಟ್ಟು ಬಸ್ಸಿನ ಕಡೆ ಓಡಿದರು. ಬಸ್ಸಿನಲ್ಲಿ ಏದುಸಿರು ಬಿಡುತ್ತ ಸರ್ ಅಂದರು: "ಒಬ್ಬರ ಮಾತು ಕೇಳಿ ಬಾಯಿ ಬಿಡಬಾರದೋ. ಇನ್ನೊಂದು ಕಡೆಯವರದ್ದೂ ಕೇಳಬೇಕು."

"ಆತ್ರಿ ಸರ."

ಒಂದು ಮಧ್ಯಾಹ್ನ ಸರ್ ಅವರ ಸೈಕಲ್ಲಿನ ಬೀಗ ಒಬ್ಬ ಮುರಿಯುತ್ತಿದ್ದ. ಅಡಿವೆಪ್ಪ ಹತ್ತಿರ ಹೋಗಿ ವಿಚಾರಿಸಿದ. "ನಂದೇ ಸೈಕಲ್ ಐತಿ," ಅಂದ ಕಳ್ಳ. "ಒಳ್ಳೇದು, ನಿಮ್ಮ ಕಡೀದು ಕೇಳಿದಂಗಾತು. ನೀವು ಇಲ್ಲೇ ಕುಂದರ್ರಿ, ಆ ಕಡೀದೂ ಕೇಳಿ ಬರ್ತೀನಿ," ಅಂತ ಇವನು ಸರ್ ಅವರನ್ನು ಕರೆಯಲು ಹೋದ. ಬಂದು ನೋಡಿದರೆ ಕಳ್ಳನೂ ಇಲ್ಲ, ಸೈಕಲ್ಲೂ ಇಲ್ಲ. ಬೆಳವಡಿ ಸರ್ ಮೆಟ್ಟಿಲ ಮೇಲೆ ಕುಸಿದು ಕೂತರು. ಪಾಪ, ಮಾವ ಕೊಡಿಸಿದ ಸೈಕಲ್ಲು.

"ಅಡಿವೆಪ್ಪಾ, ಕೈ ಮುಗೀತೀನಿ. ಎಲ್ಲಾರನ್ನೂ ಕೇಳ್ಕೊಂತ ತಿರುಗಬ್ಯಾಡ. ನೀತಿ ಅಂದರ ಇಷ್ಟ. ಅದರ ಪೆಟ್ಟು ಯಾರ ಮ್ಯಾಲೆ ಬೀಳತದೋ ಅವರನ್ನ ಕೇಳು, ಅವರಂದಂಗ ಮಾಡು."

"ಆತ್ರಿ ಸರ."

ಆಮೇಲೆ ಮೆಸ್ ಕಮಿಟಿಯ ಸಭೆ ಬಂತು. ಶಾವಂತ್ರೆವ್ವನ ರೊಟ್ಟಿಯೋ, ಕಂಟ್ರಾಕ್ಟರನ ಚಪಾತಿಯೋ? ಕೈ ಎತ್ತಿಸಿದರು. ಆ ಕಡೆ ಐದು, ಈ ಕಡೆ ಐದು. ಉಳಿದದ್ದು ಸೆಕ್ರೆಟರಿಯ ಮತ. ರೊಟ್ಟಿಯ ಹುಡುಗರು ನಿಟ್ಟುಸಿರು ಬಿಟ್ಟು ಚಪ್ಪಾಳೆ ತಟ್ಟಿದರು. ಹೆತ್ತ ಮಗ, ಇನ್ನೇನು ಬೇಕು? ಅಡಿವೆಪ್ಪ ಎದ್ದು, "ಒಂದು ಚೂರು ತಡೀರಿ," ಅಂತ ಪೆನ್ನು ಹಾಳೆ ಹಿಡಿದು ಅಡಿಗೆಮನೆಗೆ ನಡೆದ.

ಅವತ್ತು ಸೌದೆ ಹಸಿ. ಹೊಗೆ ಸೂರಿಗೆ ಮುಟ್ಟಿತ್ತು. ಇನ್ನೂರು ಹುಡುಗರು ತಾಟು ಬಡಿಯುತ್ತಿದ್ದರು.

"ಅವ್ವಾ, ಈ ರೊಟ್ಟಿ ಕೆಲಸ ಇರಬೇಕೋ ಬ್ಯಾಡೋ?"

ಶಾವಂತ್ರೆವ್ವ ಕಣ್ಣು ಒರೆಸಿಕೊಂಡಳು. "ಸುಡುಗಾಡು ಕೆಲಸ. ಸಾಕಾಗೇದೋ ಯಪ್ಪಾ, ನಡಾ ಮುರದು ಹೋಗೇದ. ನಾಳಿಂದ ಬಂದ್ ಮಾಡಿಬಿಡ್ರಿ, ಪುಣ್ಯಾ ಬರತದ ನಿಮಗ."

ಅಡಿವೆಪ್ಪ ಬರೆದುಕೊಂಡ. 'ಯಪ್ಪಾ' ಅನ್ನುವುದನ್ನೂ ಬಿಡಲಿಲ್ಲ. ಹೋದ, ಚಪಾತಿಗೆ ಕೈ ಎತ್ತಿದ.

ಸಂಜೆ ವಾರ್ಡನ್ ಸಾಹೇಬರ ಚೀಟಿ ಬಂತು. ಶಾವಂತ್ರೆವ್ವ ಅದನ್ನು ಓದಿಸಿ ಕೇಳಿದಳು, ಮತ್ತೊಮ್ಮೆ ಓದಿಸಿದಳು. ಆಮೇಲೆ ಹಂಚಿನ ಮಸಿ ತಿಕ್ಕಿ ತೊಳೆದಳು, ಹಿಟ್ಟು ನಾದುವ ಪರಾತ ಬೋರಲು ಹಾಕಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೆಂಡದ ಮೇಲೆ ನೀರು ಹಾಕಿದಳು. ಅವಳಿಗೆ ಅಳು ತಡೆಯಲಾಗಲಿಲ್ಲ.

"ನೀನ ಹೇಳಿದ್ಯಲ್ಲವ್ವಾ," ಅಂತ ಮಗ ಹಾಳೆ ತೋರಿಸಿದ.

"ಹೌದೋ, ಹೇಳೀನಿ. ಹದಿನೆಂಟು ವರ್ಷ ದಿನಾ ಅಂದೀನಿ. ನಿಮ್ಮಪ್ಪಗ ಅಂದೆ, ವಾರ್ಡನ್ನರಿಗೆ ಅಂದೆ, ಆ ಗೋಡಿಗೂ ಅಂದೆ. ಯಾರರ ಬರಕೊಂಡಾರೇನು? ನೀ ಒಬ್ಬಾವ ಬರಕೊಂಡಿ ನೋಡು."

ಅಡಿವೆಪ್ಪನಿಗೆ ಹಿಗ್ಗು. ಪೆನ್ನಿನ ಟೋಪಿ ತೆಗೆದ. "ಹಂಗಾರ ಇದನ್ನೂ ಹೇಳಿಬಿಡವ್ವಾ. ನಾಳಿಂದ ನೀ ರೊಟ್ಟಿ ಎಲ್ಲಿ ಬಡೀತಿ?"

"ನಿನ್ನ ತಲಿ ಮ್ಯಾಲೆ ಬಡೀತೀನಿ," ಅಂದಳು ಅವ್ವ, ಮುಖ ತಿರುಗಿಸಿ.

ಮಗ ಅದನ್ನೂ ಬರೆದುಕೊಂಡ.

ಬೆಳಗಾಯಿತು. ಎಷ್ಟೋ ವರ್ಷದ ರೂಢಿ, ಮನೆಯ ಒಲೆಯ ಮುಂದೆ ಶಾವಂತ್ರೆವ್ವನ ಕೈ ತಾನಾಗಿಯೇ ಹಿಟ್ಟು ನಾದಿತು. ಇಬ್ಬರಿಗೆ ನಾಲ್ಕು ರೊಟ್ಟಿ. ಇಷ್ಟು ಸ್ವಲ್ಪ ಹಿಟ್ಟು ನಾದಿ ಅವಳಿಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಅಡಿವೆಪ್ಪ ತಲೆಗೆ ಸ್ನಾನ ಮಾಡಿ, ಹೆಗಲಿಗೆ ಟವೆಲು ಸುತ್ತಿಕೊಂಡು ಬಂದ. ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂತು ತಲೆ ಬಗ್ಗಿಸಿದ.

"ಹ್ಞೂಂ, ಬಡಿಯವ್ವಾ."

ಶಾವಂತ್ರೆವ್ವ ನೋಡಿದಳು. ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ಹಿಟ್ಟಿನ ಕೈಯನ್ನು ಹಾಗೇ ಅವನ ನೆತ್ತಿಯ ಮೇಲಿಟ್ಟು ಮೆಲ್ಲಗೆ ತಟ್ಟಿದಳು, ತಟ್ಟುತ್ತಲೇ ಇದ್ದಳು.

ಬಹಳ ಹೊತ್ತಾದ ಮೇಲೆ, ತಲೆ ಎತ್ತದೆ, ಅಡಿವೆಪ್ಪ ಕೇಳಿದ:

"ದುಂಡಗ ಆಗೇದೇನವ್ವಾ?"